ಮೊದಲು ಮೂರು ಕೆಜಿ ಹಿಟ್ಟು, ಯಂತ್ರ ಆಮೇಲೆ

ಪ್ರಶ್ನೆ: ನಾನು ವಿಜಯಪುರ ಕಡೆಯವಳು. ಮದುವೆಯಾಗಿ ಪುಣೆಯ ವಾಕಡ್‌ಗೆ ಬಂದು ಹನ್ನೆರಡು ವರ್ಷ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಹೋಳಿಗೆ ಹೀಗೆ 14 ಐಟಂ ಮನೆಯಲ್ಲೇ ಮಾಡಿ ಮಾರುವ ಆಸೆ. ಒಂದು ವರ್ಷದಿಂದ ಬರೀ ತಯಾರಿ ನಡೆದಿದೆ. ಆಹಾರ ಮಾರಲು ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿ ಕೈಗೆ ಬಂದೇ ಐದು ತಿಂಗಳಾಯಿತು. ಲೋಗೊ ಮೂರು ಸಲ ಬದಲಾಯಿಸಿದೆ. ಎಕ್ಸೆಲ್ ಶೀಟಿನಲ್ಲಿ ಜೋಳ ಕೆಜಿಗೆ 60, ಬೀಸಲು 8 ಎಂದು ಹಾಕಿದ್ದೇನೆ. ರೊಟ್ಟಿಗೆ 8 ರೂಪಾಯಿ ಇಟ್ಟರೆ ಲಾಭ ಎಂದು ಅದು ತೋರಿಸುತ್ತದೆ. ಆದರೆ ಇವತ್ತಿನವರೆಗೆ ಒಂದು ರೊಟ್ಟಿಯನ್ನೂ ಮಾರಿಲ್ಲ. ಉಳಿಸಿಟ್ಟ 40,000 ರೂಪಾಯಿಯಲ್ಲಿ ರೊಟ್ಟಿ ಒತ್ತುವ ಯಂತ್ರ ತರಲೇ, ಇಲ್ಲ ಮೊದಲು ಮಾರ್ಕೆಟಿಂಗ್ ಕೋರ್ಸ್ ಮಾಡಲೇ? ಮನೆಯವರು ಈಗ ಕೇಳುವುದನ್ನೇ ಬಿಟ್ಟಿದ್ದಾರೆ. ಸೊಸೈಟಿಯವರು ತಿಂದು ಮುಖ ಸಿಂಡರಿಸಿದರೆ ದಿನಾ ಲಿಫ್ಟಿನಲ್ಲಿ ಅವರನ್ನೇ ನೋಡಬೇಕಲ್ಲ ಎಂಬ ಅಳುಕೂ ಇದೆ.

ಉತ್ತರ: ಯಂತ್ರವೂ ಬೇಡ, ಕೋರ್ಸೂ ಬೇಡ. ಬರುವ ಶನಿವಾರ ಮೂರು ಕೆಜಿ ಹಿಟ್ಟು ನಾದಿ. ಲಿಫ್ಟಿನ ಮಾತಿಗೆ ಆಮೇಲೆ ಬರೋಣ. ಮೂರು ಲೋಗೊಗಳ ಹಿಂದೆ ಇರುವುದು ಅದೇ ಅಳುಕು ಎಂದು ನಮ್ಮ ಅನುಮಾನ.

ನಿಮ್ಮ ಶೀಟಿನಲ್ಲಿ ಎರಡು ಸಾಲು ಇಲ್ಲ: ನಿಮ್ಮ ಕೂಲಿ, ಮುರಿದ ರೊಟ್ಟಿ. ಇವೆರಡೂ ಹಂಚಿನ ಮುಂದೆ ನಿಂತಾಗ ಮಾತ್ರ ಸಿಗುವ ಲೆಕ್ಕ. ಒಂದು ಕೆಜಿ ಹಿಟ್ಟಿಗೆ ತೆಳು ರೊಟ್ಟಿ ಸುಮಾರು ಇಪ್ಪತ್ತು ಬರುತ್ತದೆ ಎಂದಿಟ್ಟುಕೊಳ್ಳಿ. ಒಣಗಿಸುವಾಗ, ತುಂಬುವಾಗ ಎರಡು ಮುರಿದರೆ ಮಾರಲು ಉಳಿಯುವುದು 18. ಜೋಳ, ಬೀಸಲು ಸೇರಿ 68, ಗ್ಯಾಸಿಗೆ 15, ಎರಡು ಪ್ಯಾಕೆಟ್‌ಗೆ 8, ಒಟ್ಟು 91 ರೂಪಾಯಿ. ಎಂಟರಂತೆ 18 ರೊಟ್ಟಿ ಮಾರಿದರೆ ಬರುವುದು 144. ಉಳಿದ 53 ರೂಪಾಯಿ ಒಂದೂವರೆ ಗಂಟೆಯ ದುಡಿಮೆಗೆ, ಅಂದರೆ ಗಂಟೆಗೆ 35. ಪಾತ್ರೆ ತೊಳೆಯಲು ಬರುವವರಿಗೂ ಇದಕ್ಕಿಂತ ಹೆಚ್ಚು ಕೊಡುತ್ತೀರಿ. ಗಂಟೆಗೆ 80 ರೂಪಾಯಿಯಂತೆ ನಿಮ್ಮ ಕೂಲಿ ಹಿಡಿದರೆ ಒಂದು ರೊಟ್ಟಿಯ ಅಸಲೇ 12ರ ಹತ್ತಿರ ಹೋಗುತ್ತದೆ. ಇಲ್ಲಿನ ಗ್ಯಾಸು, ಮುರಿದ ಲೆಕ್ಕ, ಗಂಟೆ ಎಲ್ಲ ನಮ್ಮ ಅಂದಾಜು. ಶನಿವಾರ ಗಡಿಯಾರ ನೋಡಿ ನಿಮ್ಮ ಅಂಕಿಗಳನ್ನು ಹಾಕಿಕೊಳ್ಳಿ. ಹತ್ತರ ಪ್ಯಾಕೆಟ್‌ಗೆ 150ರಿಂದ ಶುರು ಮಾಡಿ. ಕಡಿಮೆಯಿಂದ ಶುರುವಾದ ಬೆಲೆಯನ್ನು ಆಮೇಲೆ ಏರಿಸಲು ಹೋದರೆ ಪ್ರತಿ ಗಿರಾಕಿಗೂ ಕಾರಣ ಹೇಳುತ್ತ ಕೂರಬೇಕಾಗುತ್ತದೆ.

14 ಐಟಂನಲ್ಲಿ 12 ತೆಗೆದುಹಾಕಿ. ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ಇರಲಿ, ಎರಡೂ ಕೆಡದೆ ಇರುತ್ತವೆ. ಎಣ್ಣೆಗಾಯಿ ಅದೇ ದಿನ ಹೋಗದಿದ್ದರೆ ನಷ್ಟ. ಹೋಳಿಗೆಗೆ ಹಬ್ಬದ ಹೊತ್ತು ಬರಲಿ.

ಈಗ ಶನಿವಾರದ ಕೆಲಸ. ಜೋಳ ಮಾಲ್ದಂಡಿ ತಳಿಯದೇ ಇರಲಿ, ಗುರುವಾರ ಬೀಸಿಸಿ. ತಿಂಗಳಿಗಾಗುವಷ್ಟು ಒಟ್ಟಿಗೆ ಬೀಸಿಸಿದರೆ ಅಗ್ಗ ಎಂದು ಶೀಟು ಹೇಳಬಹುದು, ಕೇಳಬೇಡಿ. ಹಿಟ್ಟು ಹಳತಾದಷ್ಟೂ ಜಿಗಿ ಹೋಗುತ್ತದೆ, ಬಡಿಯುವಾಗ ಅಂಚು ಸೀಳುತ್ತದೆ. ಜೋಳದಲ್ಲಿ ಗೋಧಿಯ ಅಂಟಿಲ್ಲ, ಕುದಿಯುವ ಎಸರೇ ಅದನ್ನು ಹಿಡಿದಿಡುವುದು. ಹಾಗಾಗಿ ಮೂರು ಕೆಜಿಯನ್ನು ಒಮ್ಮೆಗೇ ನಾದಿಡಬೇಡಿ. ಒಂದೊಂದು ಕೆಜಿಯಂತೆ ಮೂರು ಸಲ ಎಸರಿಡಿ, ಪ್ರತಿ ಸರತಿ ಎಷ್ಟು ಹೊತ್ತು ಹಿಡಿಯಿತೆಂದು ಗೋಡೆಯ ಕ್ಯಾಲೆಂಡರಿನ ಮೇಲೇ ಬರೆಯಿರಿ. ಮೊದಲ ಕೆಜಿಗಿಂತ ಮೂರನೆಯದು ನಿಧಾನವಾದರೆ ನಿಮ್ಮ ರಟ್ಟೆ ಸೋತಿದೆ ಎಂದರ್ಥ. ಆಗ ದಿನಕ್ಕೆ ಎಷ್ಟು ಒಪ್ಪಿಕೊಳ್ಳಬಹುದೆಂಬ ಮಿತಿಯೂ ಅಲ್ಲೇ ಗೊತ್ತಾಗುತ್ತದೆ.

ಮನೆಗೆ ಮಾಡುವ ರೊಟ್ಟಿಗೂ ಮಾರುವ ರೊಟ್ಟಿಗೂ ಇರುವ ವ್ಯತ್ಯಾಸ ಒಣಗಿಸುವುದರಲ್ಲಿ. ಬೆಂದ ಮೇಲೆ ಸಣ್ಣ ಉರಿಯಲ್ಲಿ ಹಂಚಿನ ಮೇಲೆ ಬಟ್ಟೆಯಿಂದ ಒತ್ತಿ ನೀರಿನ ಪಸೆ ಹೋಗುವವರೆಗೆ ಬಿಡಿ. ಆಮೇಲೆ ಒಂದರ ಮೇಲೊಂದು ಪೇರಿಸದೆ ಫ್ಯಾನಿನ ಕೆಳಗೆ ಹರಡಿ. ಮನೆಯಲ್ಲಿ ಬಿಸಿ ಬಿಸಿಯಾಗಿಯೇ ಬುಟ್ಟಿಗೆ ಹಾಕುವ ರೂಢಿ ಇಲ್ಲಿ ಕೈ ಕೊಡುತ್ತದೆ. ಬಿಸಿ ಇದ್ದಾಗ ಪ್ಯಾಕೆಟ್ ಮುಚ್ಚಿದರೆ ಒಳಗೆ ಬೆವರಿ, ನಾಲ್ಕೈದು ದಿನಕ್ಕೆ ನಡುವಿನಲ್ಲಿ ಬೂಷ್ಟು ಕಾಣಿಸಬಹುದು. ಪರೀಕ್ಷೆ ಸುಲಭ: ನಡುವೆ ಮುರಿದರೆ ಟಪ್ ಎನ್ನಬೇಕು, ಬಾಗಿದರೆ ಮತ್ತೆ ಹಂಚಿಗೆ. ಪುಣೆಯ ಮಳೆಗಾಲದಲ್ಲಿ ಗಾಳಿಯೇ ತೇವ, ಆ ನಾಲ್ಕು ತಿಂಗಳು ದಪ್ಪ ಕವರು ಮತ್ತು ಸೀಲಿಂಗ್ ಮಶೀನು ಬೇಕೇ ಬೇಕು. ಕೈಯಲ್ಲಿ ಒತ್ತುವ ಚಿಕ್ಕದೇ ಸಾಕು. ಕವರು, ಡಬ್ಬಿಗಳಿಗೆ ರವಿವಾರ ಪೇಠೆಯ ಬೋಹ್ರಿ ಆಳಿ ಎಂಬ ಓಣಿಗೆ ಒಂದು ಸುತ್ತು ಹೋಗಿ ಬನ್ನಿ. ಐವತ್ತು ಕವರು ತನ್ನಿ, ಐದುನೂರು ಬೇಡ.

ಮೂರು ಕೆಜಿಯಲ್ಲಿ ಐದು ಪ್ಯಾಕೆಟ್ ಆಗುತ್ತದೆ. ನಾಲ್ಕನ್ನು ಮಾರಿ, ಐದನೆಯದನ್ನು ಹತ್ತರ ಬದಲು ಮೂರು ಚಿಕ್ಕ ಕವರು ಮಾಡಿ ಅಡುಗೆಮನೆಯ ಕಟ್ಟೆಯ ಮೇಲೇ ಇಡಿ. 7, 15, 30ನೇ ದಿನ ಒಂದೊಂದು ಒಡೆದು ನೋಡಿ. ಲೇಬಲ್ಲಿನ ಬಾಳಿಕೆ ದಿನಾಂಕ ಇದರಿಂದಲೇ ಬರಬೇಕು, ಅದೂ ಸ್ವಲ್ಪ ಹಿಡಿತದಲ್ಲಿ. 30ನೇ ದಿನದ್ದು ಸರಿಯಿದ್ದರೂ 20 ಎಂದು ಬರೆಯಿರಿ. ಅಲ್ಲಿಯವರೆಗೆ ವಾರದೊಳಗೆ ತಿನ್ನಿ ಎಂದಷ್ಟೇ ಇರಲಿ. ಲೇಬಲ್ ಮೇಲೆ ಲೋಗೊ ಇಲ್ಲದಿದ್ದರೂ ನಡೆಯುತ್ತದೆ. ಆದರೆ ಪದಾರ್ಥಗಳ ಪಟ್ಟಿ, ಹಸಿರು ಚುಕ್ಕಿ, ನಿವ್ವಳ ತೂಕ, ಬೆಲೆ, ತಯಾರಿಸಿದ ದಿನ, ನಿಮ್ಮ ವಿಳಾಸ, 14 ಅಂಕಿಯ ನೋಂದಣಿ ಸಂಖ್ಯೆ ಬಿಡುವಂತಿಲ್ಲ. ಹಿಂಡಿಯ ಮೇಲೆ ಶೇಂಗಾ ಇದೆ ಎಂದು ಎದ್ದು ಕಾಣುವಂತೆ ಹಾಕಿ, ಕೆಲವರಿಗೆ ಅದು ಒಗ್ಗುವುದಿಲ್ಲ.

ಹಿಂಡಿಗೆ ಎರಡು ಎಚ್ಚರ. ಕೆಜಿ ಶೇಂಗಾ ಹುರಿದು ಸಿಪ್ಪೆ ತೆಗೆದರೆ 900 ಗ್ರಾಂ ಆಸುಪಾಸು ಉಳಿಯುತ್ತದೆ, ಬೆಲೆಯನ್ನು ಅದರ ಮೇಲೆ ಕಟ್ಟಿ. ಹಸಿ ಬೆಳ್ಳುಳ್ಳಿಯಲ್ಲಿ ನೀರಿನಂಶ ಇರುವುದರಿಂದ ಹುರಿದೇ ಕುಟ್ಟಿ.

ಯಂತ್ರದ ಮಾತು. ಅದು ರೊಟ್ಟಿ ಒತ್ತುವುದನ್ನಷ್ಟೇ ಬೇಗ ಮಾಡುತ್ತದೆ. ಬೇಯಿಸುವುದು, ಒಣಗಿಸುವುದು ಮತ್ತೆ ಹಂಚಿನ ಮೇಲೇ. ಕ್ಯಾಲೆಂಡರಿನ ಮೇಲೆ ಬರೆದ ಹೊತ್ತಿನಲ್ಲಿ ಬಡಿಯಲು ಎಷ್ಟು, ಹಂಚಿನ ಮೇಲೆ ಎಷ್ಟು ಹೋಯಿತು ನೋಡಿ. ಹಂಚಿನಲ್ಲೇ ತಡವಾಗುತ್ತಿದ್ದರೆ ಇನ್ನೊಂದು ಹಂಚು ತಂದರೆ ಮುಗಿಯಿತು. ನಾಲ್ಕು ಶನಿವಾರ ಸತತ ಆರ್ಡರ್ ವಾಪಸ್ ಕಳಿಸುವಂತಾದಾಗ ಯಂತ್ರದ ಅಂಗಡಿಗೆ ಹೋಗಿ, ಹೋಗುವಾಗ ನಿಮ್ಮದೇ ಹಿಟ್ಟು ಒಯ್ದು ಒತ್ತಿಸಿ ನೋಡಿ.

ಇನ್ನು ಲಿಫ್ಟು. ಮೊದಲ ನಾಲ್ಕು ಪ್ಯಾಕೆಟ್ ನಿಮ್ಮ ಸೊಸೈಟಿಯಲ್ಲೇ ಮಾರಬೇಕೆಂದು ಯಾರು ಹೇಳಿದರು? ಪಕ್ಕದ ಸೊಸೈಟಿಯಲ್ಲಿ ಗುರುತಿನವರೊಬ್ಬರು ಇದ್ದರೆ ಅವರ ಮೂಲಕ ಅಲ್ಲಿನ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿಸಿ: "ಬಿಜಾಪುರದ ಖಡಕ್ ರೊಟ್ಟಿ, ಹತ್ತಕ್ಕೆ 150. ಶನಿವಾರ ಸಂಜೆಗೆ ನಾಲ್ಕೇ ಪ್ಯಾಕೆಟ್. ಯುಪಿಐ ಮಾಡಿದವರಿಗೆ ಮೊದಲು." ಮರಾಠಿಯಲ್ಲೂ ಒಂದು ಸಾಲು ಇರಲಿ, ಜ್ವಾರೀಚಿ ಕಡಕ್ ಭಾಕರಿ ಎಂದರೆ ಅಲ್ಲಿ ಯಾರಿಗೂ ವಿವರಿಸಬೇಕಿಲ್ಲ. ದುಡ್ಡು ಬಂದದ್ದು ಮಾತ್ರ ಆರ್ಡರ್, "ನನಗೂ ಒಂದು ಇಡ್ರಿ" ಎಂಬುದು ಅಲ್ಲ. ತಿಂದವರನ್ನು ಹೇಗಿತ್ತು ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿತ್ತು ಎನ್ನುತ್ತಾರೆ. ಮುಂದಿನ ಶನಿವಾರಕ್ಕೆ ಎಷ್ಟು ಇಡಲಿ ಎಂದು ಕೇಳಿ. ಯಾರಾದರೂ ಮೆತ್ತಗಾಗಿತ್ತು ಎಂದರೆ ಯಾವತ್ತು ಒಡೆದಿರಿ ಎಂದು ವಿಚಾರಿಸಿ, ಬೇರೆ ಪ್ಯಾಕೆಟ್ ಕೊಟ್ಟುಬಿಡಿ.

ಮನೆಯವರಿಗೆ ಇನ್ನೊಮ್ಮೆ ಪ್ಲಾನು ವಿವರಿಸಲು ಹೋಗಬೇಡಿ. ಶನಿವಾರ ಮಧ್ಯಾಹ್ನ ತಕ್ಕಡಿ ಅವರ ಮುಂದಿಟ್ಟು, ಪ್ಯಾಕೆಟ್ ತೂಗಿ ಸೀಲ್ ಹಾಕಿ ಕೊಡಿ ಎನ್ನಿ.