ಮೀಸಲು ವಿಕೆಟ್‌ಕೀಪರ್‌ನ ಕಾಯುವಿಕೆ: ಒಂದು ಆಪ್ತಸಲಹೆ ಪ್ರಕರಣ

ಚಿಕ್ಕಬಳ್ಳಾಪುರ ಜಿಲ್ಲೆಯ 29 ವರ್ಷದ ವಿಕೆಟ್‌ಕೀಪರ್-ಬ್ಯಾಟ್ಸ್‌ಮನ್ ಒಬ್ಬರು ನಿದ್ರಾಹೀನತೆ, ಊಟದಲ್ಲಿ ಅರುಚಿ ಮತ್ತು ಮನೆಯವರ ಮೇಲೆ ಮಾತುಮಾತಿಗೂ ಸಿಡುಕುವ ಕಾರಣಕ್ಕೆ ಪತ್ನಿಯೊಂದಿಗೆ ನನ್ನ ಬಳಿಗೆ ಬಂದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ತಂದೆ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಕೊಂಡು ನೂಲು ತೆಗೆಸುವ ರೀಲರ್. ಮಗ ಮ್ಯಾಟಿಂಗ್ ಪಿಚ್‌ನಲ್ಲಿ ಆಟ ಕಲಿತು, ಬೆಂಗಳೂರಿನ ಲೀಗ್ ಕ್ಲಬ್ ಸೇರಿ, ಬಿ.ಕಾಂ. ಪದವಿಯನ್ನು ಅರ್ಧಕ್ಕೆ ಬಿಟ್ಟು, ರಣಜಿ ತಂಡದ ಮೀಸಲು ಕೀಪರ್ ಆದರು. ಆಡಲು ಸಿಕ್ಕ ಪಂದ್ಯಗಳು ಬೆರಳೆಣಿಕೆಯವು. ಈ ಋತುವಿನಲ್ಲಿ ತಂಡದ ಪಟ್ಟಿಯಲ್ಲೇ ಹೆಸರಿರಲಿಲ್ಲ.

ಬ್ಯಾಟ್ಸ್‌ಮನ್‌ಗೆ ಫಾರ್ಮ್ ಬಂದರೆ ಆರು ಸ್ಥಾನಗಳಲ್ಲಿ ಎಲ್ಲಾದರೂ ಒಂದು ತೆರವಾಗಬಹುದು. ಕೀಪರ್‌ಗೆ ಇರುವುದು ಒಂದೇ ಸ್ಥಾನ, ಅದು ತೆರವಾಗುವುದು ಬಹುತೇಕ ಇನ್ನೊಬ್ಬನ ಗಾಯದಿಂದ. ಮುಖ್ಯ ಕೀಪರ್ ಬೆರಳಿಗೆ ಪೆಟ್ಟು ಮಾಡಿಕೊಂಡ ದಿನ ತಮ್ಮೊಳಗೆ ಎದ್ದ ಸಂತೋಷವನ್ನು ಇವರು ಯಾರಿಗೂ ಹೇಳಿರಲಿಲ್ಲ. “ಅವನು ನನ್ನ ಗೆಳೆಯ ಮೇಡಂ, ನಾನೆಂಥಾ ಮನುಷ್ಯ?” ಎಂದು ಕೇಳುವಾಗ ಧ್ವನಿ ಕುಗ್ಗಿತ್ತು. ನಿದ್ರೆಯನ್ನು ಕೆಡಿಸಿದ್ದು ತಂಡದಿಂದ ಕೈಬಿಟ್ಟದ್ದಕ್ಕಿಂತ ಹೆಚ್ಚಾಗಿ ಈ ಪಾಪಪ್ರಜ್ಞೆಯೇ ಎಂಬುದು ನನ್ನ ಅಭಿಪ್ರಾಯ. ಅಂಥ ಸ್ಥಾನದಲ್ಲಿ ವರ್ಷಗಟ್ಟಲೆ ಕೂರಿಸಿದರೆ ಎಂಥವರ ಮನಸ್ಸಿನಲ್ಲೂ ಅಂಥ ಸಂತೋಷ ಬರುತ್ತದೆ, ಬಂದದ್ದಕ್ಕೆ ನೀವು ಹೊಣೆಯಲ್ಲ ಎಂದು ನೇರವಾಗಿಯೇ ಹೇಳಿದೆ.

ಅವರ ತರಬೇತುದಾರರು ಮೊದಲಿನಿಂದಲೂ ಭಾರತದ ಹಿಂದಿನ ವಿಕೆಟ್‌ಕೀಪರ್ ಸೈಯದ್ ಕಿರ್ಮಾನಿಯವರ ಉದಾಹರಣೆ ಕೊಡುತ್ತಿದ್ದರಂತೆ. 1971ರ ಇಂಗ್ಲೆಂಡ್ ಪ್ರವಾಸದಲ್ಲೇ ತಂಡದಲ್ಲಿದ್ದ ಕಿರ್ಮಾನಿ, ಆಗಿನ ಮುಖ್ಯ ಕೀಪರ್ ಫಾರೂಕ್ ಎಂಜಿನಿಯರ್ ಅವರ ಹಿಂದೆ ಕಾದು, 1976ರ ಜನವರಿಯಲ್ಲಿ ಆಕ್ಲೆಂಡ್‌ನಲ್ಲಿ ಮೊದಲ ಟೆಸ್ಟ್ ಆಡಿ, ಒಟ್ಟು 88 ಟೆಸ್ಟ್‌ಗಳನ್ನು ಆಡಿದ್ದು ನಿಜ. ಆದರೆ ಪದಾರ್ಪಣೆಯ ಹೊತ್ತಿಗೆ ಅವರಿಗೆ 26 ವರ್ಷ. ಕಾದು ಪಡೆದವರ ಹೆಸರು ಮಾತ್ರ ನಮಗೆ ಗೊತ್ತಿರುತ್ತದೆ. ಅಷ್ಟೇ ನಿಷ್ಠೆಯಿಂದ ಕಾದೂ ಪಡೆಯದವರನ್ನು ಯಾರೂ ಹುಡುಗರಿಗೆ ಉದಾಹರಣೆಯಾಗಿ ಹೇಳುವುದಿಲ್ಲ.

ಹಣದ ಮಾತನ್ನೂ ಬಿಡುವಂತಿರಲಿಲ್ಲ. ಬಿಸಿಸಿಐ 2021ರಲ್ಲಿ ಪರಿಷ್ಕರಿಸಿದ ದರದಂತೆ 20ರವರೆಗೆ ಪಂದ್ಯವಾಡಿದ ರಣಜಿ ಆಟಗಾರರಿಗೆ ದಿನಕ್ಕೆ 40,000 ರೂಪಾಯಿ, ತಂಡದಲ್ಲಿದ್ದೂ ಆಡುವ ಹನ್ನೊಂದು ಮಂದಿಯಲ್ಲಿ ಇಲ್ಲದವರಿಗೆ ಅದರ ಅರ್ಧ. ಬೆಂಚಿನ ಮೇಲೆ ಕೂತರೂ ಮನೆ ನಡೆಯುತ್ತಿತ್ತು, ಹಾಗಾಗಿ ಬೇರೆ ದಾರಿ ನೋಡುವ ತುರ್ತು ಬೀಳಲಿಲ್ಲ. ಈಗ ಆ ಆದಾಯವೂ ಇಲ್ಲ, ರೈಲ್ವೆಯ ಕ್ರೀಡಾ ಕೋಟಾದ ವಯೋಮಿತಿಯೂ ದಾಟಿದೆ.

ಸಾಯುವ ಯೋಚನೆ ಬರುತ್ತದೆಯೇ ಎಂದು ಮೊದಲ ಭೇಟಿಯಲ್ಲೇ ಕೇಳಿದೆ. ಇಲ್ಲವೆಂದರು, ಆದರೂ ರಾತ್ರಿ ತೀರಾ ತಡೆಯಲಾಗದಿದ್ದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ 14416 ಸಂಖ್ಯೆಯನ್ನು ಪತ್ನಿಯ ಮೊಬೈಲ್‌ನಲ್ಲೂ ಬರೆಸಿದೆ. ಮಾತನಾಡುತ್ತಿದ್ದಷ್ಟು ಹೊತ್ತೂ ಬಲಗೈಯ ಉಂಗುರ ಬೆರಳನ್ನು ಎಡಗೈಯಿಂದ ನೀವಿಕೊಳ್ಳುತ್ತಿದ್ದರು. ಅದರ ತುದಿಯ ಗಂಟು ಊದಿ ಒಂದು ಬದಿಗೆ ವಾಲಿತ್ತು. ಎಕ್ಸ್‌ರೇ ತೆಗೆಸಿದರೆ ನೋವು ಆಯ್ಕೆಗಾರರ ಕಿವಿಗೆ ಬೀಳುತ್ತದೆಂದು ಎರಡು ಋತು ಟೇಪ್ ಸುತ್ತಿಕೊಂಡೇ ಕೀಪಿಂಗ್ ಮಾಡಿದ್ದರು. ಮೂಳೆ ವೈದ್ಯರನ್ನು ಕಾಣುವುದೇ ನನ್ನ ಮೊದಲ ಸಲಹೆಯಾಯಿತು.

ಈ ಋತುವನ್ನು ಲೀಗ್ ಕ್ಲಬ್‌ಗೆ ಬ್ಯಾಟ್ಸ್‌ಮನ್ ಆಗಿಯೂ ಪೂರ್ತಿ ಆಡಿ, ಮುಂದುವರಿಯಬೇಕೇ ಬೇಡವೇ ಎಂಬುದನ್ನು ಮಾರ್ಚ್ ಕೊನೆಗೆ ತಾವೇ ತೀರ್ಮಾನಿಸಬೇಕು, ಆ ತೀರ್ಮಾನವನ್ನು ಮತ್ತೊಂದು ಪಟ್ಟಿಗೆ ಒಪ್ಪಿಸಬಾರದು ಎಂದೆ. ಬಿಟ್ಟ ಪದವಿಯನ್ನು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ಮುಗಿಸಲು ವಿಚಾರಿಸುವಂತೆ ಸೂಚಿಸಿದೆ. ಎಲ್ಲಕ್ಕಿಂತ ಕಷ್ಟವಾದದ್ದು ತಂದೆಗೆ ನಿಜ ಹೇಳುವುದು: “ಗಾಯ ಆಗಿದೆ, ಮುಂದಿನ ಮ್ಯಾಚ್‌ಗೆ ಕರೀತಾರೆ ಅಪ್ಪ” ಎಂದು ಅವರನ್ನು ನಂಬಿಸಿದ್ದರು, ತಂದೆ ಅದನ್ನೇ ಮಾರುಕಟ್ಟೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಹೇಳಬೇಕಾದ ಮಾತುಗಳನ್ನು ನನ್ನೆದುರೇ ಒಮ್ಮೆ ಹೇಳಿ ನೋಡಿ, ಆಮೇಲೆ ಮನೆಗೆ ಹೋಗಿ ಹೇಳಿದರು. ತಂದೆ ಒಂದು ವಾರ ಮಾತು ಬಿಟ್ಟರು, ನಂತರ ಎಕ್ಸ್‌ರೇಗೆ ತಾವೇ ಜೊತೆಗೆ ಹೋದರು.

ನಿದ್ರೆ ಈಗ ಸುಧಾರಿಸಿದೆ. ಮುಂದಿನ ಭೇಟಿಗೆ ತಂದೆಯವರನ್ನೂ ಕರೆತರಲು ಒಪ್ಪಿದ್ದಾರೆ. ಕೋಚಿಂಗ್ ಕೋರ್ಸ್‌ನ ಮಾತನ್ನು ಮಾತ್ರ ಮಾರ್ಚ್‌ವರೆಗೆ ಎತ್ತಬೇಡಿರೆಂದು ಕೇಳಿಕೊಂಡರು, ನಾನು ಒಪ್ಪಿಕೊಂಡೆ.