ಮೂರು ವರ್ಷದ ಮಗು ರಾತ್ರಿ ಹಲ್ಲುಜ್ಜಲು ಹಠ ಮಾಡಿದರೆ ಏನು ಮಾಡುವುದು?

ನಿಮ್ಮ ಮಗಳು ಬೆಳಿಗ್ಗೆ ಸುಮ್ನೆ ಹಲ್ಲುಜ್ಜಿಸಿಕೊಳ್ಳುತ್ತಾಳೆ, ರಾತ್ರಿ ಮಾತ್ರ ಬ್ರಷ್ ಕಂಡರೆ ಅಳುತ್ತಾಳೆ, ರಾತ್ರಿಯದನ್ನು ಬಿಟ್ಟರೆ ನಡೆಯುತ್ತದಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ನಿದ್ದೆಯಲ್ಲಿ ಜೊಲ್ಲು ತುಂಬಾ ಕಡಿಮೆ ಬರುತ್ತದೆ, ಹಲ್ಲಿಗೆ ಅಂಟಿದ್ದು ತೊಳೆದುಹೋಗದೆ ಇಡೀ ರಾತ್ರಿ ಅಲ್ಲೇ ಕೂರುತ್ತದೆ, ಹುಳುಕು ಹಿಡಿಯುವುದು ಹಾಗೇ.

ನನ್ನ ಮಗನೂ ಹೀಗೇ ಅಳುತ್ತಿದ್ದ. ತಪ್ಪು ನನ್ನದು. ಊಟ, ಆಟ, ಕಥೆ ಎಲ್ಲ ಮುಗಿದು ಅವನು ಕಣ್ಣುಜ್ಜಿಕೊಳ್ಳುವ ಹೊತ್ತಿಗೆ ಬ್ರಷ್ ಹಿಡಿದು ಹೋಗುತ್ತಿದ್ದೆ. ನಿದ್ದೆಗಣ್ಣಲ್ಲಿರುವ ಮಗುವಿನ ಬಾಯಿಗೆ ಏನಾದರೂ ಹಾಕಿದರೆ ರೇಗದೆ ಇರುತ್ತದಾ? ಈಗ ಊಟ, ಹಾಲು ಮುಗಿದ ಸ್ವಲ್ಪ ಹೊತ್ತಿಗೇ, ಅವನು ಇನ್ನೂ ಚುರುಕಾಗಿರುವಾಗಲೇ ಉಜ್ಜಿಬಿಡುತ್ತೇವೆ. ಕಥೆ ಆಮೇಲೆ. ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಇಲ್ಲ, ಹಾಸಿಗೆಗೆ ಹಾಲಿನ ಬಾಟಲಿಯಂತೂ ಬೇಡವೇ ಬೇಡ.

ಬಚ್ಚಲಲ್ಲಿ ನಿಲ್ಲಿಸುವುದನ್ನೂ ಬಿಟ್ಟೆ. ನಾನು ಮಂಚದ ಮೇಲೆ ಕೂತು ಅವನ ತಲೆಯನ್ನು ತೊಡೆ ಮೇಲೆ ಇಟ್ಟುಕೊಳ್ಳುತ್ತೇನೆ, ಮುಖ ಮೇಲಕ್ಕೆ. ದವಡೆ ಹಲ್ಲು ಕೊನೆಯವರೆಗೂ ಕಾಣುತ್ತದೆ. ಮೊದಲ ದಿನ ಮೇಲಿನ ತುಟಿಯನ್ನು ಬೆರಳಲ್ಲಿ ಮೆಲ್ಲಗೆ ಎತ್ತಿ ನೋಡಿದೆ, ಮುಂದಿನ ಹಲ್ಲುಗಳ ಬುಡದಲ್ಲಿ ಒಸಡಿನ ಅಂಚಿಗೆ ತೆಳ್ಳಗೆ ಕೆನೆ ಕಟ್ಟಿದ ಹಾಗೆ ಬಿಳಿ ಪದರ ಇತ್ತು. ಇಷ್ಟು ದಿನ ಉಜ್ಜಿದ್ದೇನೆ ಅಂದುಕೊಂಡಿದ್ದ ಜಾಗ ಅದು! ಅವತ್ತಿನಿಂದ ತುಟಿ ಎತ್ತದೆ ಉಜ್ಜುವುದಿಲ್ಲ.

ಅಳುವಿಗೆ ಇನ್ನೊಂದು ಕಾರಣ, ಇದು ಯಾವಾಗ ಮುಗಿಯುತ್ತದೆ ಅಂತ ಮಗುವಿಗೆ ಗೊತ್ತಿರುವುದಿಲ್ಲ. ಅದಕ್ಕೆ ಮೆಲುದನಿಯಲ್ಲಿ ಎಣಿಸುತ್ತೇನೆ, ಒಂದೊಂದು ಕಡೆಗೂ ಹತ್ತು ಹತ್ತು, ಎರಡು ಸುತ್ತು. ಹತ್ತು ಅಂದಮೇಲೆ ಬ್ರಷ್ ಆ ಜಾಗ ಬಿಡಲೇಬೇಕು. ಇನ್ನೊಂದು ಚೂರು ಅಂತ ಮುಂದುವರಿಸಿದರೆ ನಾಳೆ ಬಾಯೇ ತೆರೆಯುವುದಿಲ್ಲ. ಎಲ್ಲ ಸೇರಿ ಎರಡು ನಿಮಿಷ ಆದರೆ ಚೆನ್ನ.

ಪೇಸ್ಟ್ ಫ್ಲೋರೈಡ್ ಇರುವುದೇ ಆಗಲಿ. 3 ವರ್ಷದ ಒಳಗೆ ಅಕ್ಕಿ ಕಾಳಿನಷ್ಟು, ಆಮೇಲೆ ಬಟಾಣಿ ಕಾಳಿನಷ್ಟು, ಅದಕ್ಕಿಂತ ಜಾಸ್ತಿ ಬೇಡ. ಎದ್ದು ಕೂರಿಸಿ ಉಗುಳಿಸಿ ಸಾಕು. ಬಾಯಿ ಮುಕ್ಕಳಿಸಿದರೆ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡೂ ಹೋಗುತ್ತದೆ.

ನಾನೇ ಮಾಡುತ್ತೇನೆ ಅಂತ ಹಠ ಮಾಡಿದರೆ ಮೊದಲು ಬ್ರಷ್ ಅವಳ ಕೈಗೇ ಕೊಡಿ, ಕೊನೆಗೆ ನೀವು ಉಜ್ಜಿ. 7-8 ವರ್ಷದವರೆಗೂ ಆ ಪುಟ್ಟ ಕೈಗೆ ಹಿಂದಿನ ಹಲ್ಲು ಸರಿಯಾಗಿ ಸಿಗುವುದಿಲ್ಲ.

ತುಂಬಾ ಸುಸ್ತಾಗಿ ಅಳುವ ದಿನ ಕೈಕಾಲು ಒತ್ತಿ ಹಿಡಿಯಬೇಡಿ, ಬೈಯಲೂ ಬೇಡಿ. ಅಂಥ ದಿನ ದವಡೆ ಹಲ್ಲಿನಿಂದಲೇ ಶುರು ಮಾಡಿ, ಅಷ್ಟಾದರೂ ಆದರೆ ಅವತ್ತಿಗೆ ಬಿಟ್ಟುಬಿಡಿ.