‘ಕಿಂಗ್ ಲಿಯರ್’ ನಾಟಕದಲ್ಲಿ ಒಳ್ಳೆಯವಳಾದ ಕಾರ್ಡೀಲಿಯಾ ಯಾಕೆ ಸಾಯಬೇಕು?

ಒಳ್ಳೆಯತನಕ್ಕೆ ಬಹುಮಾನ ಸಿಗುತ್ತದೆ ಅಂತ ಷೇಕ್ಸ್‌ಪಿಯರ್ ಇಲ್ಲಿ ಹೇಳುತ್ತಲೇ ಇಲ್ಲ, ಅದಕ್ಕೆ. ರಾಜ್ಯ ಹಂಚುವಾಗ ಸುಮ್ನೆ ಅಪ್ಪ ಲಿಯರ್ ರಾಜನನ್ನು ಹೊಗಳಿದ್ದರೆ ಅವಳಿಗೂ ರಾಜ್ಯದಲ್ಲಿ ಪಾಲು ಸಿಗುತ್ತಿತ್ತು. ಹೊಗಳಲಿಲ್ಲ, ಆದರೂ ಅಕ್ಕಂದಿರು ಅಪ್ಪನನ್ನು ಬೀದಿಪಾಲು ಮಾಡಿದಾಗ ಫ್ರಾನ್ಸಿನ ಸೈನ್ಯದ ಜೊತೆ ಬಂದವಳು ಅವಳೇ. ಕೊನೆಗೆ ಗೆದ್ದು ಸುಖವಾಗಿದ್ದರೆ ಆ ಪ್ರೀತಿ ಲಾಭದ ಲೆಕ್ಕದ ಹಾಗೆ ಕಾಣುತ್ತಿತ್ತು, ಅಲ್ವಾ? ಏನೂ ಸಿಗದಿದ್ದಾಗಲೇ ಅದರ ಬೆಲೆ ಗೊತ್ತಾಗುವುದು.

ಆದರೆ ಒಳ್ಳೆಯವರಿಗೆ ಒಳ್ಳೆಯದೇ ಆಗಬೇಕು ಅನ್ನುವ ನಿಯಮವನ್ನು ಮುಂದಿನ ತಲೆಮಾರು ಗಟ್ಟಿಯಾಗಿ ನಂಬಿತ್ತು. 1681ರಲ್ಲಿ ನಾಟಕಕಾರ ನೇಹಮ್ ಟೇಟ್ ಕಥೆ ತಿದ್ದಿ, ಕಾರ್ಡೀಲಿಯಾಳನ್ನು ಬದುಕಿಸಿ, ನಾಟಕದ ಇನ್ನೊಬ್ಬ ಒಳ್ಳೆಯವನಾದ ಎಡ್ಗರ್‌ಗೆ ಜೋಡಿ ಮಾಡಿದ. ಸುಮಾರು 150 ವರ್ಷ ಇಂಗ್ಲೆಂಡಿನ ರಂಗದ ಮೇಲೆ ಜಾಸ್ತಿ ನಡೆದದ್ದು ಅದೇ. 1838ರಲ್ಲಿ ನಟ ಮ್ಯಾಕ್ರೆಡಿ ಮೂಲ ನಾಟಕಕ್ಕೆ ಮರಳಿದ, ಮತ್ತು ಅದೇ ಸರಿ.